ಬಾರದ ಟ್ಯಾಂಕುಗಳಿಗೆ ಕಾದಿದ್ದ ರಸ್ತೆಗಳು

ಲಂಡನ್ನಿನ ಹೊರವಲಯದ ಬಡಾವಣೆಗಳಲ್ಲಿ, ಸೇತುವೆಯ ಪಕ್ಕದ ಹುಲ್ಲಿನಲ್ಲೋ ಬೇಲಿಯ ಬುಡದಲ್ಲೋ, ಅಲ್ಲೊಂದು ಇಲ್ಲೊಂದು ಕಾಂಕ್ರೀಟ್ ದಿಮ್ಮಿ ಕಾಣಸಿಗುತ್ತದೆ. ಕೆಲವು ಚೌಕ, ಕೆಲವು ದುಂಡು. ಮನೆ ಕಟ್ಟಿದವರು ಬಿಟ್ಟುಹೋದ ಸಾಮಾನೆಂದು ದಾಟಿ ಹೋಗುವುದು ಸುಲಭ. 1940ರ ಬೇಸಿಗೆಯಲ್ಲಿ ಜರ್ಮನ್ ಟ್ಯಾಂಕುಗಳನ್ನು ತಡೆಯಲೆಂದು ಮಾಡಿದವು ಇವು.

ಆ ವರ್ಷದ ಜೂನ್ 4ಕ್ಕೆ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತರುವ ಕೆಲಸ ಮುಗಿಯಿತು. ಸೈನಿಕರೇನೋ ಬಂದರು, ಅವರ ಟ್ಯಾಂಕು, ಫಿರಂಗಿ, ಲಾರಿಗಳಲ್ಲಿ ಬಹುಪಾಲು ಫ್ರಾನ್ಸಿನಲ್ಲೇ ಉಳಿದವು. ಕೈಯಲ್ಲಿದ್ದದ್ದು ಸಿಮೆಂಟು, ರೈಲು ಕಂಬಿ, ಗುದ್ದಲಿ. ಸ್ವದೇಶ ರಕ್ಷಣಾ ಪಡೆಗಳ ದಂಡನಾಯಕ ಜನರಲ್ ಐರನ್‌ಸೈಡ್ ಲಂಡನ್ನಿನ ಸುತ್ತ ಒಂದರೊಳಗೊಂದು ತಡೆಸಾಲುಗಳನ್ನು ಯೋಜಿಸಿದ. ಹೊರಸಾಲು ವಾಟ್‌ಫರ್ಡ್, ಪಾಟರ್ಸ್ ಬಾರ್, ಲೌಟನ್ ಕಡೆಯಿಂದ ಹಾಯುತ್ತಿತ್ತು. ನದಿ ಇದ್ದಲ್ಲಿ ನದಿಯೇ ಕಂದಕ, ಇಲ್ಲದಲ್ಲಿ ಅಗೆದದ್ದು.

ತೊಡಕು ಇದ್ದದ್ದು ರಸ್ತೆಯಲ್ಲಿ. ಹೊಲಕ್ಕೆ ಅಡ್ಡವಾಗಿ ಕಂದಕ ತೋಡಬಹುದು. ರಸ್ತೆಗೆ ತೋಡಿದರೆ ಬಸ್ಸು, ಹಾಲಿನ ಗಾಡಿ, ಕೊನೆಗೆ ತಮ್ಮದೇ ಸೈನ್ಯದ ಲಾರಿ ಹೋಗುವುದು ಹೇಗೆ? ಅದಕ್ಕೆ ಕಂಡುಕೊಂಡ ಉಪಾಯ, ನನ್ನ ಮಟ್ಟಿಗೆ, ಯಾವ ಬುರುಜಿಗಿಂತಲೂ ಕುತೂಹಲದ್ದು. ರಸ್ತೆಯ ಎರಡೂ ಬದಿಗೆ ಕಾಯಂ ದಿಮ್ಮಿಗಳು. ನಡುವೆ, ರಸ್ತೆಯಲ್ಲೇ, ಸಾಲಾಗಿ ಕುಳಿಗಳು, ಅವಕ್ಕೆ ಮುಚ್ಚಳ. ಎಚ್ಚರಿಕೆ ಬಂದ ಕೂಡಲೇ ಮುಚ್ಚಳ ತೆಗೆದು, ಹೇರ್‌ಪಿನ್ನಿನಂತೆ ಬಗ್ಗಿಸಿದ ರೈಲು ಕಂಬಿಗಳನ್ನು ಕುಳಿಗೆ ಇಳಿಸಬೇಕು. ದುಂಡು ದಿಮ್ಮಿಗಳಾದರೆ ಉರುಳಿಸಿ ತಂದು ನಿಲ್ಲಿಸಬೇಕು. ಈ ಕೆಲಸ ಹೋಂ ಗಾರ್ಡಿನವರದು. ಅಂದರೆ ಹಗಲೆಲ್ಲ ಅಂಗಡಿ, ಕಚೇರಿಗಳಲ್ಲಿ ದುಡಿದು ಸಂಜೆ ಕಾವಲಿಗೆ ಬರುತ್ತಿದ್ದ ಊರಿನವರದೇ.

ಜುಲೈನಲ್ಲಿ ಐರನ್‌ಸೈಡ್ ಹೋಗಿ ಅಲನ್ ಬ್ರೂಕ್ ಬಂದ. ನಿಂತಲ್ಲೇ ಕಾಯುವ ಸಾಲುಗಳಿಗಿಂತ ಚಲಿಸುವ ಪಡೆಗಳ ಮೇಲೆ ಅವನಿಗೆ ನಂಬಿಕೆ. ಟ್ಯಾಂಕುಗಳಂತೂ ಬರಲೇ ಇಲ್ಲ.

1995ರಿಂದ 2002ರವರೆಗೆ ನಡೆದ ‘ಡಿಫೆನ್ಸ್ ಆಫ್ ಬ್ರಿಟನ್’ ಯೋಜನೆಯಲ್ಲಿ ಸ್ವಯಂಸೇವಕರು ಸುಮಾರು 20,000 ರಕ್ಷಣಾ ತಾಣಗಳನ್ನು ದಾಖಲಿಸಿದರು. ಇಂಥ ದಾಖಲೆ ಓದುವಾಗ ಒಂದು ಎಚ್ಚರ ಬೇಕು. ದಿಮ್ಮಿ ಕಂಡಲ್ಲೇ ತಡೆ ಇತ್ತೆಂದು ಬರೆದುಬಿಡುವಂತಿಲ್ಲ. ದಾರಿಗೆ ಅಡ್ಡವಾದವನ್ನು ಆಮೇಲೆ ಪಕ್ಕಕ್ಕೆ ಉರುಳಿಸಿದ್ದುಂಟು. ಜಾಗದ ಬಗ್ಗೆ ನಂಬಬಹುದಾದ ಸಾಕ್ಷಿ ಕುಳಿ, ಅದನ್ನು ಯಾರೂ ಕದಲಿಸಲಾರರು. ಆದರೆ ಹೊಸ ಡಾಂಬರು ಬಿದ್ದಾಗ ಮೊದಲು ಮುಚ್ಚಿಹೋಗುವುದೂ ಅದೇ. ಎಲ್ಲಾದರೂ ಡಾಂಬರು ಸವೆದು, ಒಂದೇ ಅಂತರದಲ್ಲಿ ಸಾಲಾಗಿ ಚೌಕದ ಗುರುತುಗಳು ಕಂಡರೆ, ರಸ್ತೆ ರಿಪೇರಿಯವರು ಬರುವುದಕ್ಕೆ ಮೊದಲೇ ಅಳತೆ ತೆಗೆದುಕೊಳ್ಳಬೇಕು.