ಬಿಳಿಯೆಂಬ ಒಡಂಬಡಿಕೆ

ಬಿಳಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ನಕ್ಕು, ಹಾಲನ್ನೋ ಹತ್ತಿಯನ್ನೋ ಮಲ್ಲಿಗೆಯನ್ನೋ ತೋರಿಸಿ ಸುಮ್ಮನಾಗುತ್ತೇವೆ. ಆದರೆ ಈ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಿದಾಗ ಒಂದರ ಬಿಳುಪು ಇನ್ನೊಂದರ ಹಾಗಿಲ್ಲವೆಂಬುದು ತಿಳಿಯುತ್ತದೆ. ಬಿಡಿಯಾಗಿ ಕಂಡಾಗ ಎಲ್ಲವೂ ಬಿಳಿಯೇ. ಜೊತೆಯಲ್ಲಿಟ್ಟಾಗ ಮಾತ್ರ ಒಂದಕ್ಕೆ ಹಳದಿಯ ಛಾಯೆ, ಇನ್ನೊಂದಕ್ಕೆ ನೀಲಿಯ ಛಾಯೆ. ಹಾಗಾದರೆ ನಿಜವಾದ ಬಿಳಿ ಯಾವುದು? ಈ ಪ್ರಶ್ನೆಗೆ ಮನುಷ್ಯರು ಉತ್ತರ ಹುಡುಕಿಕೊಂಡ ಬಗೆಯನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಯಲ್ಲಿ ಹಿರಿಯರ ಉಡುಪೆಂದರೆ ಬಿಳಿಯ ಧೋತರ, ಬಿಳಿಯ ಅಂಗಿ, ಬಿಳಿಯ ಟೊಪ್ಪಿಗೆ. ಹತ್ತಾರು ಸಲ ಒಗೆದ ಅರಿವೆ ಹಳದಿಗೆ ತಿರುಗುತ್ತದೆ. ಆಗ ನಮ್ಮ ತಾಯಂದಿರು ಕೊನೆಯ ನೀರಿಗೆ ಚಿಟಿಕೆ ನೀಲಿ ಕಲಸಿ, ಅರಿವೆಯನ್ನು ಅದರಲ್ಲಿ ಅದ್ದಿ ಹಿಂಡುತ್ತಿದ್ದರು. ನೀಲಿಯು ಬಟ್ಟೆಯ ಕೊಳೆಯನ್ನು ತೆಗೆಯುವುದಿಲ್ಲ. ಹಳದಿಯಾದ ಬಟ್ಟೆಯಿಂದ ನೀಲಿ ಬೆಳಕು ಕಡಿಮೆ ಬರುತ್ತದೆ. ಬೆರೆಸಿದ ನೀಲಿಯು ಹೆಚ್ಚಾಗಿದ್ದ ಹಳದಿ-ಕೆಂಪು ಬೆಳಕನ್ನು ತುಸು ಹೀರಿಕೊಂಡು ಎರಡನ್ನೂ ಸಮಕ್ಕೆ ತರುತ್ತದೆ. ಒಟ್ಟು ಬೆಳಕು ಕೊಂಚ ಕುಗ್ಗುತ್ತದೆ, ಆದರೆ ಸಮವಾಗುತ್ತದೆ. ಆ ಸಮತೆಯನ್ನೇ ಕಣ್ಣು ಬಿಳಿ ಎನ್ನುತ್ತದೆ. ಹೊಸ ಲ್ಯಾಪ್‌ಟಾಪಿನ ಪರದೆಗೆ ಅಂಟಿದ ಛಾಯೆಯನ್ನು ತಿದ್ದುವ ಇಂದಿನ ವಿದ್ಯೆಯ ಒಳತಿರುಳೂ ಇಷ್ಟೇ.

ಆ ನೀಲಿಗೂ ಒಂದು ಚರಿತ್ರೆಯಿದೆ. ಬದಖ್‌ಶಾನದ ಗಣಿಗಳಿಂದ ಬರುತ್ತಿದ್ದ ರಾಜಾವರ್ತ ಶಿಲೆಯನ್ನು ಅರೆದು ತೆಗೆದ ವರ್ಣ ಯುರೋಪಿನ ಚಿತ್ರಕಾರರಿಗೆ ದುಬಾರಿಯ ವಸ್ತುವಾಗಿತ್ತು. ಅದನ್ನು ಕೃತಕವಾಗಿ ತಯಾರಿಸುವವರಿಗೆ 1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವೊಂದು 6000 ಫ್ರಾಂಕುಗಳ ಬಹುಮಾನವನ್ನು ಸಾರಿತು. 1828ರಲ್ಲಿ ಗೀಮೆ ಎಂಬ ರಸಾಯನಜ್ಞ ಅದನ್ನು ಪಡೆದ. ಹೀಗೆ ಅಗ್ಗವಾದ ವರ್ಣವೇ ಮುಂದೆ ಅರಿವೆಯ ನೀಲಿಯಾಗಿ ಬಡವರ ಒಗೆಯುವ ಕಲ್ಲಿನ ತನಕ ಬಂದಿತು.

ಬೆಳಕಿನ ಕಡೆಯ ಕಥೆ ಬೇರೆ. ಬಿಳಿಯ ಬೆಳಕು ಒಂಟಿಯಲ್ಲ, ಹಲವು ಬಣ್ಣಗಳ ಕೂಟ ಎಂಬುದನ್ನು ನ್ಯೂಟನ್ ಸ್ಫಟಿಕದ ಪಟ್ಟಕದ ಮೂಲಕ ಕಂಡದ್ದು 1666ರ ಸುಮಾರಿಗೆ. ಕೆಂಪು, ಹಸುರು, ನೀಲಿ ಎಂಬ ಮೂರನ್ನೇ ಹದವರಿತು ಬೆರೆಸಿದರೆ ಉಳಿದ ಬಣ್ಣಗಳನ್ನು ಕಾಣಿಸಬಹುದೆಂದು ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ತೋರಿಸಿದ. ಬಣ್ಣದ ಪಟ್ಟಿಯೊಂದರ ಮೂರು ಛಾಯಾಚಿತ್ರಗಳನ್ನು ಮೂರು ಬಣ್ಣದ ದೀಪಗಳಿಂದ ಒಂದರ ಮೇಲೊಂದು ಬೀಳಿಸಿದ್ದ. ಅಂದಿನ ಫಲಕಗಳು ಕೆಂಪು ಬೆಳಕನ್ನು ಗ್ರಹಿಸಲಾರವಾಗಿದ್ದರೂ ಆ ಪ್ರಯೋಗ ಹೇಗೆ ಫಲಿಸಿತು ಎಂಬ ಒಗಟು ಬಿಡಿಸಿದ್ದು ಸರಿಯಾಗಿ ನೂರು ವರ್ಷಗಳ ನಂತರ: ಕೆಂಪು ಭಾಗದಿಂದ ಚಿಮ್ಮಿದ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೇ ಅಲ್ಲಿ ಚಿತ್ರವನ್ನು ಮೂಡಿಸಿದ್ದವು.

ಬಣ್ಣ ಹಿಡಿಯುವುದು ಒಂದು, ಅದನ್ನು ಹದಗೆಡದಂತೆ ಮತ್ತೊಬ್ಬರಿಗೆ ಮುಟ್ಟಿಸುವುದು ಇನ್ನೊಂದು. ನಿಪ್ಪಾಣಿಗೆ ನೆರೆಯಾದ ಕೊಲ್ಲಾಪುರ ಈ ಪಾಠವನ್ನು ಬೆಲೆ ತೆತ್ತು ಕಲಿಯಿತು. ಅಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಚಿತ್ರಸಂಸ್ಥೆಗಾಗಿ ವಿ. ಶಾಂತಾರಾಮರು ‘ಸೈರಂಧ್ರಿ’ಯನ್ನು ವರ್ಣಚಿತ್ರವಾಗಿಸಲು ಹೊರಟು, ಸಂಸ್ಕರಣಕ್ಕೆಂದು ಜರ್ಮನಿಯ ತನಕ ಹೋದರು. 1933ರಲ್ಲಿ ಚಿತ್ರ ತೆರೆ ಕಂಡಾಗ ಬಣ್ಣಗಳು ಹದ ತಪ್ಪಿ ಕಣ್ಣು ಕುಕ್ಕುವಂತಿದ್ದವು. ದೇಶದೊಳಗೇ ಸಂಸ್ಕರಿಸಿದ ಮೊದಲ ವರ್ಣಚಿತ್ರವೆಂಬ ಹೆಸರು 1937ರ ‘ಕಿಸಾನ್ ಕನ್ಯಾ’ದ ಪಾಲಾಯಿತು.

ಹದ ತಪ್ಪಿತೆನ್ನಲು ಹದಕ್ಕೊಂದು ಅಳತೆ ಬೇಕು. ಕಮ್ಮಾರನ ಕುಲುಮೆಯನ್ನು ನೆನೆಯೋಣ. ಕಾದ ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾಯ್ದರೆ ಬಿಳಿ. ಬೆಳಕಿನ ಛಾಯೆಯನ್ನೂ ಹೀಗೆಯೇ ಉಷ್ಣತೆಯ ಕೆಲ್ವಿನ್ ಅಂಕಿಗಳಲ್ಲಿ ಹೇಳುತ್ತಾರೆ. ಮೇಣದ ಬತ್ತಿಗೆ ಸುಮಾರು 1900, ಹಳೆಯ ತಂತಿಬುರುಡೆಗೆ ಸುಮಾರು 2800, ಮೋಡ ಕವಿದ ಹಗಲಿಗೆ ಸುಮಾರು 6500. ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವು ‘ಪ್ರಮಾಣ ವೀಕ್ಷಕ’ನೊಬ್ಬನನ್ನು ಕಲ್ಪಿಸಿಕೊಂಡಿತು. ಇಂಗ್ಲೆಂಡಿನಲ್ಲಿ ರೈಟ್ ಎಂಬವರು 10 ಮಂದಿಯನ್ನೂ ಗಿಲ್ಡ್ ಎಂಬವರು 7 ಮಂದಿಯನ್ನೂ ಕೂರಿಸಿ ನಡೆಸಿದ ಪರೀಕ್ಷೆಗಳೇ ಅವನಿಗೆ ಆಧಾರ. ಮುಂದೆ 1964ರಲ್ಲಿ ಅಮೆರಿಕದ ರೋಚೆಸ್ಟರ್, ಇಂಗ್ಲೆಂಡಿನ ಎನ್‌ಫೀಲ್ಡ್, ಕೆನಡಾದ ಆಟವಾಗಳಲ್ಲಿ ಅಳೆದ ಹಗಲುಬೆಳಕಿನ 622 ಮಾದರಿಗಳಿಂದ ಲೆಕ್ಕ ತೆಗೆದರು. ಅದರ ಫಲವೇ ‘ಡಿ65’ ಎಂಬ ಪ್ರಮಾಣಬಿಳಿ. 1996ರಲ್ಲಿ ಗಣಕಗಳ ಪರದೆಗೆಂದು ರೂಪಿಸಿದ ಬಣ್ಣದ ಪದ್ಧತಿಯೂ ಅದನ್ನೇ ಬಿಳಿಯೆಂದು ಒಪ್ಪಿಕೊಂಡಿತು.

ಆ 622 ಮಾದರಿಗಳಲ್ಲಿ ಕೃಷ್ಣಾತೀರದ ಆಕಾಶವಿಲ್ಲ. ಆ 17 ಜೊತೆ ಕಣ್ಣುಗಳಲ್ಲಿ ಉಗಾರದವನದಾಗಲಿ ಐನಾಪುರದವಳದಾಗಲಿ ಇಲ್ಲ. ಆದ್ದರಿಂದ ಅಳತೆಯೇ ಸುಳ್ಳೆನ್ನಬಾರದು. ಒಂದು ಕಾಲಕ್ಕೆ ನಮ್ಮಲ್ಲಿ ಪೇಟೆಗೊಂದು ಸೇರು ಇತ್ತು; 1956ರ ಕಾಯಿದೆಯ ನಂತರ ಎಲ್ಲರೂ ಕಿಲೋಗ್ರಾಮಿಗೆ ಒಪ್ಪಿದೆವು. ಪ್ರಮಾಣಬಿಳಿಯೂ ಅಂಥದೊಂದು ಒಡಂಬಡಿಕೆ. ಅದು ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಮಾತಾಡಿಕೊಂಡದ್ದು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರು ಇಳಿವಯಸ್ಸಿನಲ್ಲಿ ಹೂಗಳ ಬಣ್ಣವನ್ನೂ ಕಣ್ಣಿನ ಧರ್ಮವನ್ನೂ ಅಭ್ಯಸಿಸಿ 1968ರಲ್ಲಿ ಗ್ರಂಥವನ್ನೇ ಬರೆದು, ಮೂರು ಬಣ್ಣಗಳ ಸಿದ್ಧಾಂತವನ್ನು ಪ್ರಶ್ನಿಸಿದರು. ವಿಜ್ಞಾನಲೋಕ ಅವರ ವಾದವನ್ನು ಒಪ್ಪಲಿಲ್ಲ. ಆದರೂ ಒಪ್ಪಿತವಾದುದನ್ನು ಮತ್ತೆ ತಮ್ಮ ಕಣ್ಣಿನಿಂದಲೇ ನೋಡಬೇಕೆಂಬ ಅವರ ಹಟ ಸ್ಮರಣೀಯ.

ಈಗ ಪರದೆಯ ಒಳಹೊಕ್ಕು ನೋಡೋಣ. ಬಹುಪಾಲು ಲ್ಯಾಪ್‌ಟಾಪುಗಳ ಪರದೆಯ ಹಿಂದಿರುವ ದೀಪ ಮೂಲತಃ ಬಿಳಿಯದಲ್ಲ, ನೀಲಿಯದು. ಪ್ರಖರವಾದ ನೀಲಿ ಎಲ್‌ಇಡಿಯನ್ನು ಜಪಾನಿನ ನಕಮುರಾ 1993ರಲ್ಲಿ ಸಾಧಿಸಿದರು. ಅದಕ್ಕಾಗಿ ಅವರಿಗೂ ಅಕಸಾಕಿ, ಅಮಾನೊ ಎಂಬವರಿಗೂ 2014ರಲ್ಲಿ ನೊಬೆಲ್ ಬಂದಿತು. ಆ ನೀಲಿಯ ಮೇಲೆ ಹಳದಿ ಹೊಳಪನ್ನು ಕೊಡುವ ಪುಡಿಯನ್ನು ಲೇಪಿಸಿದಾಗ ಎರಡೂ ಕೂಡಿ ಬಿಳಿಯೆನಿಸುತ್ತದೆ. ತಾಯಂದಿರು ಹಳದಿಗೆ ನೀಲಿ ಬೆರೆಸಿದರು. ದೀಪದ ಕಸುಬಿನವರು ನೀಲಿಗೆ ಹಳದಿ ಬೆರೆಸಿದರು. ಲೇಪ ತುಸು ದಪ್ಪವಾದರೆ ಪರದೆ ಹಳದಿ, ತೆಳುವಾದರೆ ನೀಲಿ. ಒಂದೇ ಮಾದರಿಯ ಎರಡು ಹೊಸ ಯಂತ್ರಗಳು ಅಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ನನ್ನ ಹೊಸ ಲ್ಯಾಪ್‌ಟಾಪಿನ ಪರದೆಯೂ ಹಳದಿಯಾಗಿಯೇ ಬಂದಿತು. ಮೊದಲು ನೋಡಿದ್ದು, ರಾತ್ರಿಯ ಹೊತ್ತು ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ತಾನಾಗಿ ಹಳದಿಗೊಳಿಸುವ ವ್ಯವಸ್ಥೆ ಚಾಲೂ ಇದೆಯೇ ಎಂಬುದನ್ನು. ಅದು ಬಂದ್ ಆಗಿತ್ತು. ಅರ್ಧ ಗಂಟೆ ಬೆಳಗಲು ಬಿಟ್ಟು, ಖಾಲಿ ಬೂದು ಪುಟವೊಂದನ್ನು ತೆರೆದು, ನೇರವಾಗಿ ಕುಳಿತು ನೋಡಿದೆ. ಓರೆಯಿಂದ ನೋಡಿದರೆ ಕೆಲವು ಪರದೆಗಳ ಬಣ್ಣವೇ ಬದಲಾಗುತ್ತದೆ. ಒಂದು ಬದಿ ಹಳದಿ, ಇನ್ನೊಂದು ಬದಿ ಗುಲಾಬಿಯಾಗಿದ್ದರೆ ಅದಕ್ಕೆ ಮದ್ದಿಲ್ಲ, ಅವಧಿಯೊಳಗೆ ಅಂಗಡಿಗೆ ಮರಳಿಸುವುದೇ ಲೇಸು. ನನ್ನದು ಎಲ್ಲೆಡೆ ಸಮವಾಗಿ ಹಳದಿಯಾಗಿತ್ತು. ನಿಪ್ಪಾಣಿಯ ಛಾಯಾಗ್ರಾಹಕ ಮಿತ್ರರೊಬ್ಬರು ತಮ್ಮ ವರ್ಣಮಾಪಕವನ್ನು ಪರದೆಯ ಮೇಲೆ ಇಳಿಬಿಟ್ಟರು. ಅಳತೆ 6500ಕ್ಕೆ ಬದಲು 5800ರ ಸಮೀಪ ನಿಂತಿತು. ಯಂತ್ರವು ಕೆಂಪನ್ನೂ ಹಸುರನ್ನೂ ಎಷ್ಟೆಷ್ಟು ತಗ್ಗಿಸಬೇಕೆಂದು ಲೆಕ್ಕ ಹಾಕಿ ಗಣಕಕ್ಕೆ ಒಂದು ವರ್ಣಪತ್ರವನ್ನು ಬರೆದುಕೊಟ್ಟಿತು. ಪರದೆ ಸಮವಾಯಿತು, ಬೆಳಕು ಮಾತ್ರ ಕೊಂಚ ಕುಗ್ಗಿತು. ನೀಲಿ ಹಾಕಿದ ಧೋತರದ ಲೆಕ್ಕವೇ ಇಲ್ಲಿಯೂ ನಡೆಯಿತು.

ಕಣ್ಣನ್ನೇ ನಂಬಿ ತಿದ್ದಬಾರದೇ ಎಂದು ಕೆಲವರು ಕೇಳಬಹುದು. ಕಣ್ಣು ಬಹಳ ಕ್ಷಮಾಶೀಲ. ಹಳದಿ ದೀಪದ ಕೋಣೆಯಲ್ಲಿ ಹತ್ತು ನಿಮಿಷ ಕುಳಿತರೆ ಅಲ್ಲಿನ ಹಳದಿಯೇ ಅದಕ್ಕೆ ಬಿಳಿಯಾಗುತ್ತದೆ. ಬದುಕಿಗೆ ಈ ಗುಣ ಬೇಕು, ವ್ಯವಹಾರಕ್ಕೆ ಸಾಲದು. ಅಥಣಿ, ಮದಭಾವಿ, ನಿಪ್ಪಾಣಿಗಳ ಕುಶಲಕರ್ಮಿಗಳು ಅಳಲೆಕಾಯಿ, ಜಾಲಿಯ ತೊಗಟೆಗಳಿಂದ ಹದಗೊಳಿಸಿದ ತೊಗಲಿನಲ್ಲಿ ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮಹಾರಾಷ್ಟ್ರದ 4 ಜಿಲ್ಲೆಗಳೂ ಕರ್ನಾಟಕದ 4 ಜಿಲ್ಲೆಗಳೂ ಅದರ ಹಕ್ಕುದಾರರು. ಆ ತೊಗಲಿನ ಜೇನುಬಣ್ಣವೇ ಅದರ ಸಹಿ. ಹಳದಿ ಪರದೆಯ ಮುಂದೆ ಕುಳಿತವನು ಚಿತ್ರದಿಂದ ಹಳದಿಯನ್ನು ತೆಗೆಯುತ್ತಾನೆ. ದೂರದ ಊರಿನ ಗಿರಾಕಿಗೆ ಅದೇ ಜೋಡು ಬೂದಿ ಬಣ್ಣದ್ದಾಗಿ ಕಾಣುತ್ತದೆ. ಗಿರಾಕಿ ಕೊಳ್ಳದೆ ಬಿಡುತ್ತಾನೆ; ಕೊಂಡರೂ ಬಣ್ಣ ಬೇರೆಯೆಂದು ಹಿಂದಕ್ಕೆ ಕಳಿಸುತ್ತಾನೆ. ನಷ್ಟ ಬೀಳುವುದು ಪರದೆ ಮಾಡಿದವನ ಮೇಲಲ್ಲ, ಹೊಲಿದವನ ಮೇಲೆ.

ಆದರೆ ತಿದ್ದುವುದಕ್ಕೂ ಮರೆಮಾಚುವುದಕ್ಕೂ ವ್ಯತ್ಯಾಸವಿದೆ. ಬೆಲ್ಲದ ಗಾಣಗಳಲ್ಲಿ ಬೆಂಡೆಗಿಡದ ಲೋಳೆಯನ್ನು ಹಾಕಿ ರಸದ ಕಲ್ಮಷವನ್ನು ತೆಗೆಯುವುದು ಹಳೆಯ ಪದ್ಧತಿ. ಹೈಡ್ರೋಸ್ ಎಂಬ ರಾಸಾಯನಿಕವನ್ನು ಸುರಿದು ಕಪ್ಪು ಬೆಲ್ಲವನ್ನು ಬಂಗಾರದಂತೆ ಮೆರೆಸುವುದು ಬೇರೆಯದೇ ಮಾತು. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡು ಕಿಲೋಗ್ರಾಮಿಗೆ 70 ಮಿಲಿಗ್ರಾಮನ್ನು ಮೀರಬಾರದೆಂದು ಕಾನೂನು ಹೇಳಬೇಕಾಗಿ ಬಂದದ್ದು ಇದರಿಂದಲೇ. ಪರದೆಯನ್ನು ಪ್ರಮಾಣಕ್ಕೆ ತರುವುದು ಲೋಳೆ ಹಾಕಿದಂತೆ. ಇಲ್ಲದ ಚೆಲುವನ್ನು ಚಿತ್ರಕ್ಕೆ ಬಳಿಯುವುದು ಹೈಡ್ರೋಸ್ ಸುರಿದಂತೆ.

ಒಡಂಬಡಿಕೆಗಳು ಉಳಿಯುವುದು ಅವುಗಳಿಗೆ ಬದ್ಧರಾದವರಿಂದ. ಸೇರನ್ನು ಸರಿಯಾಗಿ ಅಳೆದ ವ್ಯಾಪಾರಿಯನ್ನು ಊರು ನಂಬುತ್ತಿತ್ತು. ಇಂದು ನಮ್ಮ ಮುಂದೆ ತೆರೆದಿರುವ ಈ ಬೆಳಕಿನ ಹಲಗೆಯೂ ಒಂದು ತಕ್ಕಡಿಯೇ. ಹೊಸದನ್ನು ಕೊಂಡ ದಿನವೇ ಅದರ ತಟ್ಟೆಗಳನ್ನು ಸಮಮಾಡಿಕೊಂಡರೆ, ಅಥಣಿಯ ಜೋಡು ತನ್ನ ನಿಜವಾದ ಬಣ್ಣದಲ್ಲಿಯೇ ಗಿರಾಕಿಯ ಮನೆಬಾಗಿಲನ್ನು ಮುಟ್ಟೀತು.