ಎಡಗೈಗೆ ಒದಗಿದ ಕೆಲಸ

ಕೋವಿ ಹಿಡಿದು ನಿಂತವನ ಎಡಗೈಯನ್ನು ನೋಡುವವರು ಕಡಮೆ. ಗುರಿ ಕಣ್ಣಿನದು, ನಿರ್ಧಾರ ಬಲಗೈಯ ತೋರುಬೆರಳಿನದು, ಒದೆತವನ್ನು ತಾಳಿಕೊಳ್ಳುವ ಕಷ್ಟ ಹೆಗಲಿನದು. ಎಡಗೈಯಾದರೋ ನಳಿಗೆಯ ಭಾರವನ್ನು ಹೊತ್ತುಕೊಂಡು, ಮದುವೆಯ ಮನೆಯಲ್ಲಿ ಕಂಬಕ್ಕೊರಗಿ ನಿಂತ ದೂರದ ನೆಂಟನಂತೆ ಸುಮ್ಮನಿರುವುದಷ್ಟೆ. ನಮ್ಮ ಮಲೆನಾಡಿನವರು ಕೇಪಿನ ಕೋವಿಯ ಬಾಯಿಗೆ ಮದ್ದನ್ನೂ ಚರೆಯನ್ನೂ ಸುರಿದು ಗಜದಿಂದ ಜಡಿಯುತ್ತಿದ್ದ ಕಾಲದಲ್ಲಿ ಎರಡು ಕೈಗಳಿಗೂ ಸಮನಾದ ದುಡಿಮೆಯಿತ್ತು. ತೋಟಾ ಕೋವಿ ಬಂದ ಮೇಲೆ, ಜೋಡುನಳಿಗೆಯನ್ನು ಮಡಿಸಿ, ತುಂಬಿ, ಮುಚ್ಚಿದರೆ ಎರಡು ಈಡು, ಅಲ್ಲಿಗೆ ಎಡಗೈಯ ಋಣ ತೀರಿತು. ಈ ಆಲಸಿಗೆ ಕೆಲಸವೊಂದನ್ನು ಹಚ್ಚಿಕೊಟ್ಟ ಯಂತ್ರವು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದು, ಬಾತುಕೋಳಿಗಳ ಜೌಗಿನಿಂದ ಯುದ್ಧದ ಕಂದಕಕ್ಕೂ, ಕಂದಕದಿಂದ ಪೊಲೀಸರ ಮೋಟಾರಿಗೂ, ಅಲ್ಲಿಂದ ಬೆಳ್ಳಿತೆರೆಗೂ ಸಂಚರಿಸಿತು. ಅದನ್ನು ಪಂಪ್ ಕೋವಿಯೆಂದು ಕರೆಯುವುದು ವಾಡಿಕೆ. ನೀರೆತ್ತುವ ಪಂಪಿಗೂ ಅದಕ್ಕೂ ಇರುವ ಸಾಮ್ಯ ಕೈಯ ಚಲನೆಯೊಂದೇ.

ಅದರ ರಚನೆ ಸರಳವಾದುದು. ನಳಿಗೆಯ ಅಡಿಯಲ್ಲಿ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕೊಳವೆ. ಅದರೊಳಗೆ ಒಂದರ ಹಿಂದೊಂದು ಮಲಗಿದ ತೋಟಾಗಳು. ಅವುಗಳನ್ನು ಹಿಂದಕ್ಕೆ ನೂಕುವ ಸುರುಳಿಯ ಸ್ಪ್ರಿಂಗು. ಕೊಳವೆಯ ಮೇಲೆ ಹಿಂದೆ ಮುಂದೆ ಜಾರುವ ಮರದ ಹಿಡಿ. ಹಿಡಿಯನ್ನು ಹಿಂದಕ್ಕೆ ಸೆಳೆದರೆ ಒಳಗಿನ ಬೀಗ ಕಳಚಿ, ಸುಟ್ಟ ತೋಟಾ ಹೊರಕ್ಕೆ ಚಿಮ್ಮಿ, ಕೋವಿಯ ಕುದುರೆ ಹಿಂದಕ್ಕೆ ಬಾಗಿ ಕೂರುತ್ತದೆ. ಮುಂದಕ್ಕೆ ನೂಕಿದರೆ ಹೊಸ ತೋಟಾ ಮೇಲೆದ್ದು ನಳಿಗೆಯನ್ನು ಹೊಕ್ಕು ಬೀಗ ಬೀಳುತ್ತದೆ. ಬಲಗೈ ತನ್ನ ಠಾವನ್ನು ಬಿಡಬೇಕಾಗಿಲ್ಲ, ಕೋವಿ ಹೆಗಲಿನಿಂದ ಇಳಿಯಬೇಕಾಗಿಲ್ಲ, ಕಣ್ಣು ಹಕ್ಕಿಯಿಂದ ಕದಲಬೇಕಾಗಿಲ್ಲ.

ಇಂಥದೊಂದು ಕಲ್ಪನೆಗೆ ಬ್ರಿಟನ್ನಿನಲ್ಲಿ 1854ರಷ್ಟು ಹಿಂದೆಯೇ ಅಲೆಕ್ಸಾಂಡರ್ ಬೇನ್ ಎಂಬವರ ಹೆಸರಿನಲ್ಲಿ ಪೇಟೆಂಟು ದೊರೆತಿತ್ತು, 1866ರಲ್ಲಿ ಇನ್ನೊಂದು. ಆದರೆ ಅವು ಕಾಗದದ ಮೇಲಿನ ಕೋವಿಗಳು. ಮಾರಾಟಕ್ಕೆ ಬಂದು ಹೆಸರು ಮಾಡಿದ ಮೊದಲನೆಯದು ಕನೆಕ್ಟಿಕಟ್ ಸಂಸ್ಥಾನದ ಕ್ರಿಸ್ಟೋಫರ್ ಸ್ಪೆನ್ಸರನು ಸಿಲ್ವೆಸ್ಟರ್ ರೋಪರನೊಡನೆ ಕೂಡಿ 1882ರಲ್ಲಿ ಪೇಟೆಂಟು ಪಡೆದ ಕೋವಿ. ಈ ಸ್ಪೆನ್ಸರನು ಸಾಮಾನ್ಯನಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಆಗಸ್ಟ್ ತಿಂಗಳಲ್ಲಿ, ತಾನು ರಚಿಸಿದ ಏಳು ಗುಂಡಿನ ರೈಫಲನ್ನು ಅಧ್ಯಕ್ಷ ಲಿಂಕನ್ನನ ಕೈಗೇ ಕೊಟ್ಟು ಶ್ವೇತಭವನದ ಸಮೀಪದ ಬಯಲಿನಲ್ಲಿ ಹಾರಿಸಿ ನೋಡುವಂತೆ ಮಾಡಿದ ಧೀರ. ತಿರುಪುಮೊಳೆಗಳನ್ನು ತಾನಾಗಿಯೇ ಕೊರೆಯುವ ಯಂತ್ರವನ್ನು ರಚಿಸಿದವನೂ ಅವನೇ. ಅಂಥವನಿಗೂ ವ್ಯಾಪಾರಲಕ್ಷ್ಮಿ ಒಲಿಯಲಿಲ್ಲ. ಕಾರ್ಖಾನೆ ಸೋತಿತು, ಕೋವಿಯ ಹಕ್ಕೂ ಉಪಕರಣಗಳೂ 1890ರ ಸುಮಾರಿಗೆ ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ಎಂಬ ವರ್ತಕನ ಪಾಲಾದುವು.

ಬ್ಯಾನರ್‌ಮನ್ನನ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳದೆ ಮುಂದೆ ಸಾಗಲು ಮನಸ್ಸಾಗದು. ಸ್ಕಾಟ್ಲೆಂಡಿನ ಡಂಡಿಯಲ್ಲಿ 1851ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕವನ್ನು ಸೇರಿದ ಈತನ ಕಸುಬು ಯುದ್ಧಗಳ ಗುಜರಿ: ಸೈನ್ಯಗಳು ಬೇಡವೆಂದು ಬಿಟ್ಟ ಬಂದೂಕು, ಕತ್ತಿ, ಜೀನು, ಮದ್ದುಗಳನ್ನು ಹರಾಜಿನಲ್ಲಿ ಕೊಂಡು, ದಪ್ಪನೆಯ ಪಟ್ಟಿಕೆಯೊಂದನ್ನು ಅಚ್ಚುಹಾಕಿಸಿ ಜಗತ್ತಿಗೆಲ್ಲ ಮಾರುವುದು. 1898ರಲ್ಲಿ ಸ್ಪೇನಿನೊಡನೆ ನಡೆದ ಯುದ್ಧವು ಮುಗಿದಾಗ ಅಲ್ಲಿ ಸೆರೆಸಿಕ್ಕ ಸಾಮಗ್ರಿಯ ಬಹುಭಾಗವನ್ನು ಅವನೇ ಕೊಂಡನು. ಅಷ್ಟೊಂದು ಸಿಡಿಮದ್ದನ್ನು ನಗರದೊಳಗೆ ಇಡುವಂತಿಲ್ಲದೆ ಹೋದುದರಿಂದ ಹಡ್ಸನ್ ನದಿಯ ನಡುವಿನ ಪೊಲೆಪೆಲ್ ಎಂಬ ದ್ವೀಪವನ್ನೇ 1900ರಲ್ಲಿ ಕ್ರಯಕ್ಕೆ ಪಡೆದು, ತನ್ನ ತಾಯ್ನಾಡಿನ ದುರ್ಗಗಳ ಮಾದರಿಯಲ್ಲಿ ಕೊತ್ತಲಗಳುಳ್ಳ ಕೋಟೆಯೊಂದನ್ನು ಕಟ್ಟಿಸಿ, ಅದರ ಗೋಡೆಯ ಮೇಲೆ ದೂರಕ್ಕೆ ಕಾಣುವಂತೆ ದಪ್ಪಕ್ಷರಗಳಲ್ಲಿ ತನ್ನ ಆಯುಧಾಗಾರದ ಹೆಸರನ್ನು ಬರೆಯಿಸಿದನು. ರಾಜರು ಕೋಟೆ ಕಟ್ಟಿ ಆಯುಧಗಳನ್ನು ತುಂಬಿದರು. ಇವನು ಆಯುಧಗಳನ್ನು ಕೊಂಡು, ಅವುಗಳನ್ನಿಡಲು ಕೋಟೆ ಕಟ್ಟಿದನು. ಅವನು ತೀರಿಕೊಂಡ ಎರಡು ವರ್ಷಕ್ಕೆ, 1920ರಲ್ಲಿ, ದ್ವೀಪದ ಮದ್ದಿನ ಮನೆ ಸಿಡಿದು ಕೋಟೆಯ ಒಂದು ಭಾಗ ಹಾರಿಹೋಯಿತು.

ಈತನು ಸ್ಪೆನ್ಸರನ ಕೋವಿಯನ್ನು ತಯಾರಿಸುತ್ತಿರುವಾಗಲೇ, ಪ್ರಬಲವಾದ ವಿಂಚೆಸ್ಟರ್ ಕಂಪನಿಯು 1893ರಲ್ಲಿ ತನ್ನದೊಂದು ಪಂಪ್ ಕೋವಿಯನ್ನು ಪೇಟೆಗೆ ಬಿಟ್ಟಿತು. ಬ್ಯಾನರ್‌ಮನ್ ನ್ಯಾಯಾಲಯದ ಮೆಟ್ಟಿಲು ಹತ್ತಿದನು. ವಿಂಚೆಸ್ಟರಿನವರು ತಮ್ಮ ಕೋವಿಯನ್ನು ಸಮರ್ಥಿಸಿಕೊಳ್ಳುವುದರ ಬದಲು, ಯುರೋಪಿನ ಪೇಟೆಂಟು ದಫ್ತರಗಳ ಧೂಳನ್ನು ಕೊಡವಿ, ಮೇಲೆ ಹೇಳಿದ ಬ್ರಿಟನ್ನಿನ ಹಳೆಯ ಕಾಗದಗಳನ್ನೂ ಫ್ರಾನ್ಸಿನದೊಂದನ್ನೂ ಹುಡುಕಿ ತೆಗೆದು, ‘ಈ ಕಲ್ಪನೆ ಸ್ಪೆನ್ಸರನದೇ ಅಲ್ಲ, ಅಂದಮೇಲೆ ಅವನಿಂದ ಕೊಂಡವನದು ಹೇಗಾದೀತು?’ ಎಂಬ ವಾದವನ್ನು ಹೂಡಿದರು. ನ್ಯಾಯಾಲಯವು ಒಪ್ಪಿತು; 1897ರಲ್ಲಿ ವ್ಯಾಜ್ಯ ವಜಾ ಆಯಿತು. ಬದುಕಿದ್ದಾಗ ಒಂದು ಕೋವಿಯನ್ನೂ ಪೇಟೆಗೆ ತಾರದ ಪೇಟೆಂಟುಗಳು ಸತ್ತ ಮೇಲೆ ಬೇರೊಬ್ಬರ ಕೋವಿಗೆ ಬೆಂಗಾವಲಾದುವು.

ವಿಂಚೆಸ್ಟರಿನ ಆ ಕೋವಿಯ ಕರ್ತೃ ಜಾನ್ ಮೋಸೆಸ್ ಬ್ರೌನಿಂಗ್. ಯೂಟಾ ಪ್ರಾಂತದ ಆಗ್ಡನ್ ಎಂಬ ಊರಿನಲ್ಲಿ, ಕೋವಿ ಕಮ್ಮಾರನಾದ ತಂದೆಯ ಅಂಗಡಿಯಲ್ಲಿ ಬೆಳೆದು, ಯಾವ ವಿದ್ಯಾಲಯದ ಯಂತ್ರಶಾಸ್ತ್ರದ ಹಂಗೂ ಇಲ್ಲದೆ 128 ಪೇಟೆಂಟುಗಳನ್ನು ಗಳಿಸಿದ ಈತನು ಪುನರಾವರ್ತಕ ಚರೆಕೋವಿಗೆ ಪಂಪಿನ ಕ್ರಮವೇ ತಕ್ಕುದೆಂದು ಮೊದಲಿನಿಂದಲೂ ತಿಳಿದಿದ್ದನು. ಆದರೆ ಕಂಪನಿಯವರಿಗೆ ತಮ್ಮ ಹೆಸರನ್ನು ಬೆಳಗಿಸಿದ ಸನ್ನೆಯ ಮೇಲೆ ಮೋಹ. ಟ್ರಿಗರಿನ ಸುತ್ತಲ ಬಳೆಯನ್ನು ಕೆಳಕ್ಕೆಳೆದು ಮೇಲಕ್ಕೆತ್ತುವ ಆ ರೈಫಲುಗಳ ರೀತಿಯಲ್ಲಿಯೇ ಚರೆಕೋವಿಯೂ ಇರಲೆಂದು ಹಟ ಹಿಡಿದರು. ಬ್ರೌನಿಂಗನು ಮನಸ್ಸಿಲ್ಲದ ಮನಸ್ಸಿನಿಂದ 1887ರ ಮಾದರಿಯನ್ನು ರಚಿಸಿಕೊಟ್ಟನು. ಅದರಲ್ಲಿ ದುಡಿಮೆಯೆಲ್ಲ ಬಲಗೈಯದೇ. ಎಡಗೈ ಮತ್ತೆ ನಿರುದ್ಯೋಗಿ. ಈ 1887ರ ಕೋವಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುವುದಿದೆ.

1893ರ ಪಂಪ್ ಕೋವಿಯನ್ನು ಹೊಗೆಯಿಲ್ಲದ ಹೊಸ ಮದ್ದಿನ ರಭಸಕ್ಕೆ ತಾಳುವಂತೆ ಬಲಪಡಿಸಿ ಹೊರತಂದುದೇ ಪ್ರಸಿದ್ಧವಾದ 1897ರ ಮಾದರಿ. ಅದರ ಕುದುರೆ ಹೊರಗೆ ಕಾಣುತ್ತದೆ. ಹಿಡಿಯನ್ನು ಸೆಳೆದಾಗ ಉಕ್ಕಿನ ನಾಲಗೆಯೊಂದು ಹಿಂದಕ್ಕೆ ಚಾಚಿ, ಅಜಾಗರೂಕನ ಹೆಬ್ಬೆರಳನ್ನು ಕಚ್ಚುವುದೂ ಉಂಟು. 1957ರ ವರೆಗೆ, ಅರುವತ್ತು ವರ್ಷಗಳ ಕಾಲ, ಹತ್ತು ಲಕ್ಷಕ್ಕೂ ಮಿಕ್ಕಿ ಇಂಥ ಕೋವಿಗಳು ತಯಾರಾದುವು.

1917ರಲ್ಲಿ ಅಮೆರಿಕವು ಮಹಾಯುದ್ಧವನ್ನು ಹೊಕ್ಕಾಗ, ಫ್ರಾನ್ಸಿನ ಕಂದಕಗಳ ಇಕ್ಕಟ್ಟಿನಲ್ಲಿ ಉದ್ದನೆಯ ರೈಫಲು ತಿರುಗಲಾರದೆಂದು ಕಂಡು, ಬೇಟೆಯ ಈ ಕೋವಿಯನ್ನೇ ಇಪ್ಪತ್ತು ಅಂಗುಲಕ್ಕೆ ಮೊಟಕುಗೊಳಿಸಿ, ಕಾದ ನಳಿಗೆ ಕೈ ಸುಡದಂತೆ ತೂತುಗಳುಳ್ಳ ತಗಡಿನ ಕವಚವನ್ನು ಹೊದಿಸಿ, ಮೂತಿಗೆ ಬಯೊನೆಟ್ಟು ಸಿಕ್ಕಿಸುವ ಏರ್ಪಾಡು ಮಾಡಿ ಸೈನಿಕರಿಗೆ ಕೊಡಲಾಯಿತು. ತೋಟಾ ಒಂದಕ್ಕೆ ಒಂಬತ್ತು ದಪ್ಪ ಚರೆಗಳು. ಟ್ರಿಗರನ್ನು ಅದುಮಿ ಹಿಡಿದೇ ಎಡಗೈಯನ್ನು ಆಡಿಸುತ್ತಿದ್ದರೆ, ಹಿಡಿ ಮುಂದಕ್ಕೆ ಬಂದು ಬೀಗ ಬಿದ್ದಾಗಲೆಲ್ಲ ಈಡು ಹಾರುವುದು ಈ ಮಾದರಿಯ ವಿಶೇಷ. ಕೊಲ್ಲುವ ವೇಗವನ್ನು ನಿರ್ಣಯಿಸುವ ಅಧಿಕಾರವು ಇಲ್ಲಿ ಬಲಗೈಯಿಂದ ಎಡಗೈಗೆ ವರ್ಗವಾಯಿತು. ಕೆಸರಿನಲ್ಲಿ ಮಾತ್ರ ಕಾಗದದ ತೋಟಾಗಳು ಉಬ್ಬಿ ನಳಿಗೆಗೆ ಹೋಗದೆ ಕಾಡಿದುವೆಂಬುದನ್ನೂ ಹೇಳಬೇಕು. ಹಿತ್ತಾಳೆಯ ತೋಟಾಗಳ ಏರ್ಪಾಡು ತಡವಾಗಿ ಬಂದಿತು.

ಜರ್ಮನಿಗೆ ಇದು ಸಹಿಸದಾಯಿತು. 1918ರ ಸೆಪ್ಟೆಂಬರ್ 19ರಂದು, ತಟಸ್ಥ ರಾಷ್ಟ್ರವಾದ ಸ್ವಿಟ್ಸರ್ಲೆಂಡಿನ ಮೂಲಕ ಅದು ಪ್ರತಿಭಟನೆ ಸಲ್ಲಿಸಿ, ಅನಾವಶ್ಯಕ ಯಾತನೆಯನ್ನುಂಟುಮಾಡುವ ಆಯುಧಗಳನ್ನು 1907ರ ಹೇಗ್ ಒಪ್ಪಂದವು ನಿಷೇಧಿಸಿದೆಯೆಂದೂ, ಇಂಥ ಕೋವಿಯೊಡನೆಯಾಗಲಿ ತೋಟಾದೊಡನೆಯಾಗಲಿ ಸೆರೆಸಿಕ್ಕವನು ಪ್ರಾಣಕ್ಕೆ ಎರವಾಗುವನೆಂದೂ ಸಾರಿತು. ವಿಷಾನಿಲವನ್ನು ಯಪ್ರೆಯ ರಣರಂಗದಲ್ಲಿ ಹರಿಯಬಿಟ್ಟು ಮೂರು ವರ್ಷವಾಗಿದ್ದ ಸರ್ಕಾರದ ಬಾಯಲ್ಲಿ ಯಾತನೆಯ ಮಾತು! ಆದರೆ ವಿಷಾನಿಲವು ಮುಖವಿಲ್ಲದ ಹಗೆ; ಕೋವಿ ಎದುರು ನಿಂತವನದು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗನು ಈ ಕೋವಿ ನಿಷಿದ್ಧವಲ್ಲವೆಂದೂ, ಒಬ್ಬ ಅಮೆರಿಕನ್ ಸೆರೆಯಾಳನ್ನು ಕೊಂದರೂ ಪ್ರತೀಕಾರ ತಪ್ಪದೆಂದೂ ಉತ್ತರ ಕೊಟ್ಟನು. ಎರಡು ತಿಂಗಳೊಳಗೆ ಯುದ್ಧವೇ ನಿಂತಿತು.

ಯುದ್ಧದಲ್ಲಿ ಹೇಗ್ ಒಪ್ಪಂದವು ತಡೆಯಲಾರದ ಈ ಕೋವಿಯನ್ನು ಬಾತುಕೋಳಿಗಳ ವಿಷಯದಲ್ಲಿ ಅಮೆರಿಕದ ಕಾನೂನು ತಡೆದುದು ವಿನೋದದ ಸಂಗತಿ. ಬರಗಾಲದಿಂದ ಜೌಗುಗಳು ಒಣಗಿ ಹಕ್ಕಿಗಳ ಸಂಖ್ಯೆ ಕುಸಿದಾಗ, ವ್ಯಂಗ್ಯಚಿತ್ರಕಾರನೂ ಆಗಿದ್ದ ಜೆ. ಎನ್. ಡಾರ್ಲಿಂಗನು ವನ್ಯಜೀವಿಗಳ ಇಲಾಖೆಯ ಮುಖ್ಯಸ್ಥನಾಗಿದ್ದ ಕಾಲದಲ್ಲಿ, 1935ರಲ್ಲಿ, ವಲಸೆ ಹಕ್ಕಿಗಳ ಬೇಟೆಗೆ ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಯುವ ಕೋವಿ ಸಲ್ಲದೆಂಬ ನಿಯಮ ಬಂದಿತು. ಅಂದಿನಿಂದ ಬೇಟೆಗಾರರು ತೋಟಾ ಕೊಳವೆಯೊಳಗೆ ಮರದ ಕಡ್ಡಿಯೊಂದನ್ನು ತುರುಕಿ, ಸ್ಪೆನ್ಸರನೂ ಬ್ರೌನಿಂಗನೂ ಶ್ರಮಪಟ್ಟು ಗಳಿಸಿಕೊಟ್ಟ ಸ್ಥಳವನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಮುಂದಿನ ಮಾದರಿಗಳ ವಂಶಾವಳಿಯನ್ನು ಬೇಗ ದಾಟಬಹುದು. ಕುದುರೆಯನ್ನು ಒಳಗೆ ಅಡಗಿಸಿದ ವಿಂಚೆಸ್ಟರಿನ 1912ರ ಕೋವಿ ಇಪ್ಪತ್ತು ಲಕ್ಷದ ಸಮೀಪಕ್ಕೆ ಹೋಯಿತು. 1937ರ ಇಥಾಕಾ, ಖಾಲಿ ತೋಟಾವನ್ನು ಪಕ್ಕಕ್ಕಲ್ಲದೆ ಅಡಿಯಿಂದ ಉದುರಿಸುವುದು. 1950ರ ರೆಮಿಂಗ್ಟನ್ 870 ಒಂದು ಕೋಟಿಯನ್ನೂ ಮೀರಿತು. ತಾನಾಗಿ ತುಂಬಿಕೊಳ್ಳುವ ಕೋವಿಗಳು ಬಂದ ಮೇಲೂ ಇವು ಅಳಿಯಲಿಲ್ಲ, ಏಕೆಂದರೆ ಅವು ತೋಟಾದ ಶಕ್ತಿಯನ್ನೇ ನೆಚ್ಚಿದವು, ತೋಟಾ ಸಪ್ಪೆಯಾದರೆ ಮುಗ್ಗರಿಸುವುವು. ಎಡಗೈಗೆ ಸಪ್ಪೆ ತೋಟಾವೂ ಒಂದೇ, ಖಾರದ್ದೂ ಒಂದೇ.

ಇನ್ನು ಬೆಳ್ಳಿತೆರೆ. 1953ರ ‘ಶೇನ್’ ಚಿತ್ರದಲ್ಲಿ ಪಿಸ್ತೂಲಿನ ಗುಂಡು ತಗುಲಿದ ಬಡ ರೈತನೊಬ್ಬನು ಕೆಸರಿನಲ್ಲಿ ಹಿಂದಕ್ಕೆ ಎಸೆಯಲ್ಪಡುತ್ತಾನೆ. ನಟನ ಬೆನ್ನಿಗೆ ತಂತಿ ಕಟ್ಟಿ ನಿರ್ದೇಶಕ ಜಾರ್ಜ್ ಸ್ಟೀವನ್ಸನು ಎಳೆಯಿಸಿದ ಫಲ ಅದು. ಆ ತಂತಿಯನ್ನು ಮುಂದಿನವರು ಹೆಚ್ಚಾಗಿ ಕಟ್ಟಿದುದು ಚರೆಕೋವಿಗೆ ಎದುರಾದವರ ಬೆನ್ನಿಗೆ. ಈಡಿಗೆ ಮನುಷ್ಯನನ್ನು ಎರಡು ಮಾರು ಹಾರಿಸುವ ಬಲವಿದ್ದರೆ, ಹಾರಿಸಿದವನ ಹೆಗಲಿಗೂ ಅಷ್ಟೇ ಬಲ ಬಿದ್ದು ಅವನೂ ಹಾರಬೇಕಲ್ಲವೆ? ನ್ಯೂಟನ್ನನ ನಿಯಮಕ್ಕೆ ಚಿತ್ರಮಂದಿರದಲ್ಲಿ ಟಿಕೇಟು ದೊರೆಯಲಿಲ್ಲ.

ಸ್ಯಾಮ್ ಪೆಕಿನ್‌ಪಾ ಎಂಬ ನಿರ್ದೇಶಕನು ಮಾತ್ರ ಈ ಕೋವಿಯನ್ನು ಅರಿತು ಬಳಸಿದನೆನ್ನಬೇಕು. 1913ರಲ್ಲಿ ನಡೆಯುವ ಕಥೆಯುಳ್ಳ ‘ದಿ ವೈಲ್ಡ್ ಬಂಚ್’ ಚಿತ್ರದ ದರೋಡೆಕೋರರ ಕೈಯಲ್ಲಿ ಅವನು ಇಟ್ಟುದು 1897ರ ಮಾದರಿಯನ್ನು. ಕುದುರೆಯೇರಿದ ಕಾಲ ಮುಗಿದು ಯಂತ್ರದ ಕಾಲ ಕಾಲಿಟ್ಟುದನ್ನು ಆ ಸವೆದ ಕೋವಿ ಯಾವ ಮಾತಿಗಿಂತಲೂ ಚೆನ್ನಾಗಿ ಹೇಳುತ್ತದೆ. ಚಿತ್ರ ತೆರೆ ಕಂಡುದು 1969ರಲ್ಲಿ. ಆ ವರ್ಷವೇ ಬ್ಯಾನರ್‌ಮನ್ನನ ದ್ವೀಪದ ಕೋಟೆ ಬೆಂಕಿಗೆ ಆಹುತಿಯಾದುದು ಕೇವಲ ಕಾಕತಾಳೀಯ. 1972ರ ‘ದಿ ಗೆಟವೇ’ಯಲ್ಲಿ ಸ್ಟೀವ್ ಮೆಕ್ವೀನನು ಅಂಗಡಿಯೊಂದರಿಂದ ಪಂಪ್ ಕೋವಿಯನ್ನು ಪಡೆದು, ಹೊರಬಂದು ಪೊಲೀಸರ ಕಾರನ್ನು ಚಿಂದಿಮಾಡುವಾಗ, ಹಿಡಿಯ ಸೆಳೆತ, ಈಡು, ಮತ್ತೆ ಸೆಳೆತ ಎಂಬ ಲಯದಲ್ಲಿ ದುಡಿಯುವ ಕೈಯೇ ದೃಶ್ಯದ ನಾಯಕ.

ಬರಬರುತ್ತ ಚಿತ್ರದವರಿಗೆ ಈಡಿಗಿಂತ ಹಿಡಿಯ ಸದ್ದೇ ಪ್ರಿಯವಾಯಿತು. ಕತ್ತಲ ಮನೆ, ಬಾಗಿಲ ಹಿಂದೆ ಯಾರೋ. ‘ಖಟ್-ಖಟಕ್’ ಎಂದರೆ ಸಾಕು, ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಇದಕ್ಕಾಗಿ ನಾಯಕನು ಕೋಣೆಯೊಳಗೆ ಬಂದಾಗ ಒಮ್ಮೆ, ಬೆದರಿಸುವಾಗ ಒಮ್ಮೆ, ಕೊನೆಯ ಮಾತಾಡುವಾಗ ಇನ್ನೊಮ್ಮೆ ಹಿಡಿಯನ್ನು ಸೆಳೆಯುವುದುಂಟು. ನಿಜವಾದ ಕೋವಿಯಲ್ಲಿ ಕುದುರೆ ಬಾಗಿ ಕುಳಿತ ಮೇಲೆ ಹಿಡಿಗೆ ಬೀಗ ಬಿದ್ದಿರುತ್ತದೆ. ಗುಂಡಿಯೊಂದನ್ನು ಒತ್ತಿ ಬಿಡಿಸಿ ಸೆಳೆದರೆ ಸುಡದ ತೋಟಾ ಠಣ್ಣನೆ ನೆಲಕ್ಕೆ ಬೀಳಬೇಕು. ಮೂರು ಸಲ ಬೆದರಿಸಿದ ನಾಯಕನು ಬಗ್ಗಿ ಮೂರು ತೋಟಾಗಳನ್ನು ಆಯ್ದುಕೊಳ್ಳುವ ದೃಶ್ಯವನ್ನು ನಾನಂತೂ ಈವರೆಗೆ ಕಂಡಿಲ್ಲ. ಮುಂದಿನ ಯುಗವನ್ನು ಕಲ್ಪಿಸಿದವರೂ ಈ ಕೋವಿಯನ್ನು ಬಿಡಲಿಲ್ಲ: 1986ರ ‘ಏಲಿಯೆನ್ಸ್’ನಲ್ಲಿ ಅಂತರಿಕ್ಷನೌಕೆ ಹತ್ತಿ ಅನ್ಯಲೋಕಕ್ಕೆ ಹೋಗುವ ಸೈನಿಕನೊಬ್ಬನು ತನ್ನ ಕಾಲದ ಅದ್ಭುತಾಯುಧಗಳ ಜತೆಗೆ ಹಳೆಯ ಇಥಾಕಾವೊಂದನ್ನು ಒಯ್ಯುತ್ತಾನೆ.

1991ರ ‘ಟರ್ಮಿನೇಟರ್ 2’ರಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರನು ಮೋಟಾರ್ ಸೈಕಲ್ಲಿನ ಮೇಲೆ ಕುಳಿತು ಒಂದೇ ಕೈಯಿಂದ ಗಿರ್ರನೆ ತಿರುಗಿಸಿ ತುಂಬುವ ಕೋವಿ ಪಂಪಿನದಲ್ಲ, ಬ್ರೌನಿಂಗನು ಬೇಡವೆಂದರೂ ಕಂಪನಿಯವರು ಮಾಡಿಸಿಕೊಂಡ ಆ 1887ರ ಸನ್ನೆಯ ಮಾದರಿ. ಇನ್ನೊಂದು ಕೈ ವಾಹನದ ಹಿಡಿಯ ಮೇಲಿರುವಾಗ ಪಂಪ್ ಕೋವಿ ನಿರುಪಯುಕ್ತ. ಶತಮಾನದ ಹಿಂದಿನ ಆ ಹಟಕ್ಕೆ ಹೀಗೊಂದು ಸಮರ್ಥನೆ ಒದಗೀತೆಂದು ಯಾರು ಎಣಿಸಿದ್ದರು! ಎರಡು ವರ್ಷದ ಬಳಿಕ ಬಂದ ‘ಡೂಮ್’ ಎಂಬ ಗಣಕದ ಆಟದಲ್ಲಿ ಲಕ್ಷಾಂತರ ಹುಡುಗರು ಹಿಡಿದ ಪಂಪ್ ಕೋವಿಯಂತೂ ಆಟಿಕೆಯಂಗಡಿಯಲ್ಲಿ ಕೊಂಡ ಪಟಾಕಿ ಬಂದೂಕಿನ ಛಾಯಾಚಿತ್ರ.

ಬೆಳ್ಳಿತೆರೆಯ ಕೋವಿ ಮರಳಿ ನಿಜವಾದ ಕೈಗಳಿಗೂ ಬಂದಿತು. ವಿಂಚೆಸ್ಟರ್ ಕಂಪನಿಯು ನಿಲ್ಲಿಸಿಬಿಟ್ಟ 1897ರ ಮಾದರಿಯ ಪ್ರತಿಕೃತಿಗಳು ಚೀನಾದ ನೊರಿಂಕೊ ಕಾರ್ಖಾನೆಯಲ್ಲಿ ತಯಾರಾಗಿ ಅಮೆರಿಕಕ್ಕೆ ಹೋಗುತ್ತಿದ್ದುವು. ಕೊಳ್ಳುವವರಲ್ಲಿ ಹಲವರು ಚಿತ್ರಗಳಲ್ಲಿ ಕಂಡ ಹಳೆಯ ಪಶ್ಚಿಮದ ಉಡುಪನ್ನು ತೊಟ್ಟು, ಹಲಗೆಯ ಊರುಗಳನ್ನು ಕಟ್ಟಿ, ತಗಡಿನ ಗುರಿಗಳಿಗೆ ಹೊಡೆಯುವ ಸ್ಪರ್ಧಾಳುಗಳು. ಅವರ ಪಂದ್ಯಗಳ ಒಂದು ಬಗೆಗೆ ‘ವೈಲ್ಡ್ ಬಂಚ್’ ಎಂದೇ ಹೆಸರು. ಅವರ ಮುಖ್ಯ ಪಂದ್ಯಗಳಲ್ಲಿ ಪಂಪ್ ಕೋವಿಗೆ ಪ್ರವೇಶವುಂಟು, ಕುದುರೆ ಹೊರಗೆ ಕಾಣುವಂತಿದ್ದರೆ. ಆದರೆ ಜೋಡುನಳಿಗೆಯವರಿಗೆ ಅನ್ಯಾಯವಾಗದಂತೆ, ಅದಕ್ಕೆ ಒಂದು ಸಲಕ್ಕೆ ಎರಡೇ ತೋಟಾ ತುಂಬಬೇಕು.