ಊಟದ ಪಂಕ್ತಿಯಲ್ಲಿ ಮನಸ್ಸಾಕ್ಷಿ: ಕರ್ನಾಟಕದ ಕ್ರೈಸ್ತ ಚಿಂತನೆಯಲ್ಲಿ ಆಹಾರ

ಆಯುಧಪೂಜೆಯ ದಿನ ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್‌ಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರಿಗೂ ಕಡಲೆಪುರಿ, ಸಿಹಿ ಹಂಚುತ್ತಾರೆ. ಕ್ರೈಸ್ತ ಕಾರ್ಮಿಕರಲ್ಲಿ ಕೆಲವರು ಸಂತೋಷದಿಂದ ತಿನ್ನುತ್ತಾರೆ, ಕೆಲವರು ಇಸಿದುಕೊಂಡು ಪಕ್ಕದವರಿಗೆ ಕೊಡುತ್ತಾರೆ, ಕೆಲವರು ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತಾರೆ. ಪೂಜೆಗೆ ಇಟ್ಟದ್ದನ್ನು ತಿನ್ನಬಹುದೇ? ಮೊದಲ ಶತಮಾನದ ಕೊರಿಂಥದಲ್ಲಿ ಎದ್ದ ಪ್ರಶ್ನೆಯೂ ಇದೇ. ಆದರೂ ನಮ್ಮ ದೇವಶಾಸ್ತ್ರದ ತರಗತಿಗಳಲ್ಲಿ ಆಹಾರವನ್ನು ಮುಗಿದ ಅಧ್ಯಾಯದಂತೆ ಬೇಗಬೇಗ ದಾಟಿಸುತ್ತೇವೆ. ಈಚೆಗೆ ಎರಡು ಮಾತು ಚಲಾವಣೆಯಲ್ಲಿವೆ. ಕ್ರೈಸ್ತರಿಗೆ ಊಟದ ಕಟ್ಟುಪಾಡೇ ಇಲ್ಲ ಎಂಬುದು ಒಂದು. ನೆರೆಯವರಿಗೆ ನೋವಾಗದಂತೆ ನಮ್ಮ ಊಟವನ್ನು ಬಿಟ್ಟುಕೊಡುವುದೇ ಕ್ರೈಸ್ತ ಪ್ರೀತಿ ಎಂಬುದು ಇನ್ನೊಂದು. ಎರಡೂ ಅರೆ ಓದಿನ ಫಲ.

ಮೂಲದ ಕಥೆ ಎಲ್ಲರಿಗೂ ಗೊತ್ತಿರುವುದೇ. ಯೊಪ್ಪದಲ್ಲಿ ಪೇತ್ರನಿಗೆ ಕಂಡ ದರ್ಶನ ಶುದ್ಧ-ಅಶುದ್ಧಗಳ ಗೆರೆ ಅಳಿಸಿತು. ಕ್ರಿ.ಶ. 49ರ ಸುಮಾರಿಗೆ ಸೇರಿದ ಯೆರೂಸಲೇಮಿನ ಸಭೆ, ವಿಗ್ರಹಕ್ಕೆ ಒಪ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಇವನ್ನು ಬಿಡಲು ಹೇಳಿತು. ಸಂತೆಯ ಮಾಂಸವನ್ನು ವಿಚಾರಿಸದೆ ಕೊಳ್ಳಬಹುದೆಂದ ಪೌಲ, ಅದರಿಂದ ಇನ್ನೊಬ್ಬನ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ ಬೇಡವೆಂದ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದಲ್ಲಿ ಆತ ಕಟ್ಟಿದ ಮಾತು ಎರಡು ಕಡೆಯದು: ತಿನ್ನುವವನು ತಿನ್ನದವನನ್ನು ಕೀಳಾಗಿ ಕಾಣಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು. ನಮ್ಮ ಪ್ರಸಂಗಗಳು ಹೆಚ್ಚಾಗಿ ಮೊದಲರ್ಧದಲ್ಲೇ ನಿಂತುಬಿಟ್ಟಿವೆ.

ನಮ್ಮ ನಾಡಿನ ಕಥೆಯ ಮೊದಲ ಘಟ್ಟ ಜೆಸುಯಿಟರದು. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿ ಮಾಂಸ ತೊರೆದು ಸನ್ಯಾಸಿಯಂತೆ ಬಾಳಿದರು. ಅದೇ ಪರಂಪರೆಯ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರ ತ್ಯಾಗ ದೊಡ್ಡದು. ಆದರೆ ಆ ತ್ಯಾಗ ಯಾರ ಊಟವನ್ನು ಅಳತೆಗೋಲಾಗಿ ಇಟ್ಟುಕೊಂಡಿತೆಂಬುದು ಕೇಳಬೇಕಾದ ಪ್ರಶ್ನೆ. ಹೆಚ್ಚಿನ ಪ್ರೊಟೆಸ್ಟೆಂಟ್ ಮಿಷನ್‌ಗಳು ಇದಕ್ಕೆ ತದ್ವಿರುದ್ಧ ದಾರಿ ಹಿಡಿದವು. 1850ರ ಮದ್ರಾಸ್ ಮಿಷನರಿ ಸಮ್ಮೇಳನ, ದಲಿತರು ಬೇಯಿಸಿದ್ದನ್ನು ಉಂಡು ಜಾತಿ ಬಿಟ್ಟಿದ್ದಕ್ಕೆ ಸಾಕ್ಷಿ ಕೊಟ್ಟವರಿಗಷ್ಟೇ ದೀಕ್ಷಾಸ್ನಾನ ಎಂದು ನಿರ್ಣಯಿಸಿತು. ಕಟ್ಟುಪಾಡು ಮುರಿಯಲು ಹೊರಟವರೂ ಒಂದು ಕಟ್ಟುಪಾಡನ್ನೇ ಮಾಡಿದರು. ಆದರೂ ಅದು ಪಂಕ್ತಿಭೇದದ ಬೇರಿಗೆ ಕೈಹಾಕಿದ ಧೈರ್ಯವೆಂಬುದನ್ನು ಮರೆಯಬಾರದು.

ಬೆಂಗಳೂರಿನ ಹೊರವಲಯಕ್ಕೆ ಬಂದರೆ ನೋಟ ಬದಲಾಗುತ್ತದೆ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ವೈಟ್‌ಫೀಲ್ಡ್ ಹುಟ್ಟಿತು. ಅದೇ ಊರಿನಲ್ಲಿ 1963ರಲ್ಲಿ ಎಂ.ಎ. ಥಾಮಸ್ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಕಟ್ಟಿದರು. ಬೇರೆ ಬೇರೆ ಸಭೆಗಳವರು, ಬೇರೆ ಧರ್ಮಗಳವರು ಕೂತು ಮಾತಾಡುವ ಜಾಗ ಅದಾಯಿತು. ಈ ಸಭೆಗಳ ಊಟದ ನೇಮಗಳೂ ಬೇರೆ ಬೇರೆ. ಹಳೆ ಮದ್ರಾಸ್ ರಸ್ತೆಯ ದೂರವಾಣಿನಗರದಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟರ ಲೌರಿ ಸಂಸ್ಥೆಯಿದೆ. ಯಾಜಕಕಾಂಡದ 11ನೇ ಅಧ್ಯಾಯವನ್ನು ಇಂದಿಗೂ ಪಾಲಿಸಿ ಹಂದಿಮಾಂಸ ಮುಟ್ಟದ ಕ್ರೈಸ್ತರು ಇವರು. ಕ್ಯಾಥೊಲಿಕರಿಗೆ ಬೂದಿ ಬುಧವಾರ, ತಪಸ್ಸುಕಾಲದ ಶುಕ್ರವಾರಗಳ ಮಾಂಸವರ್ಜನೆಯಿದೆ. ಮಂಗಳೂರು ಕಡೆಯವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಅಕ್ಕಿಯ ಸಸ್ಯಾಹಾರದ ಊಟ ಮಾಡುತ್ತಾರೆ. ಕೇರಳದಿಂದ ಬಂದ ಸಿರಿಯನ್ ಕುಟುಂಬಗಳಿಗೆ ಈಸ್ಟರ್‌ಗೆ ಮುಂಚಿನ 50 ದಿನಗಳ ನೋಂಬಿದೆ. ಕಟ್ಟುಪಾಡೇ ಇಲ್ಲ ಎನ್ನುವವರು ಇಷ್ಟನ್ನಾದರೂ ನೋಡಲಿ. ಇವೆಲ್ಲ ತಾವಾಗಿ ಹೊತ್ತ ವ್ರತಗಳು, ಪಕ್ಕದ ಮನೆಯವರ ಮೇಲೆ ಹೇರಿದವಲ್ಲ.

ನಮ್ಮ ಪೀಳಿಗೆಯ ಕಣ್ಣು ತೆರೆಸಿದ್ದು ದಲಿತ ದೇವಶಾಸ್ತ್ರ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಬಗ್ಗೆ ಮಾಡಿದ ಭಾಷಣ ಅದಕ್ಕೆ ನಾಂದಿ. ಅಲ್ಲಿಯವರೆಗೆ ಭಾರತೀಯ ಕ್ರೈಸ್ತ ಚಿಂತನೆಯೆಂದರೆ ವೇದಾಂತದೊಡನೆ ಸಂವಾದ, ಕಾವಿ, ಆಶ್ರಮ, ಸಾತ್ವಿಕ ಊಟ. ಅದು ಭಾರತದ ಒಂದು ಪಾಲು ಮಾತ್ರ ಎಂದು ಈ ಪಂಥ ನೇರವಾಗಿ ಹೇಳಿತು. ಅದೇ ಕಾಲೇಜಿನಲ್ಲಿ ಪಾಠ ಹೇಳಿದ ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಪುಸ್ತಕದಲ್ಲಿ ತಮಿಳುನಾಡಿನ ದಲಿತರಾದ ಪರೆಯರ ತಮಟೆಯನ್ನು ಕ್ರಿಸ್ತನ ಸಂಕೇತವಾಗಿ ಓದಿದರು. ಸತ್ತ ದನದ ಚರ್ಮ ಸುಲಿದು ಹದ ಮಾಡಿದ ಕೈಗಳಿಗೆ, ಅದರ ಮಾಂಸದಿಂದ ಹಸಿವು ನೀಗಿಸಿಕೊಂಡ ಕೇರಿಗೆ ದೇವಶಾಸ್ತ್ರದಲ್ಲಿ ಗೌರವದ ಜಾಗ ಸಿಕ್ಕಿದ್ದು ಹೀಗೆ. ಯಾರ ಮನಸ್ಸಾಕ್ಷಿಗೆ ಪೆಟ್ಟಾಗಬಾರದೆಂದು ಪೌಲ ಹೇಳಿದನೋ ಆ ಬಲಹೀನ ಸಹೋದರ ಯಾರು ಎಂಬ ಪ್ರಶ್ನೆಯನ್ನೂ ಇದು ತಲೆಕೆಳಗು ಮಾಡಿತು. ಪೌಲ ಬಿಟ್ಟುಕೊಡಲು ಹೇಳಿದ್ದು ಬಲವಿದ್ದವರಿಗೆ. ಊರಿನ ಜಮೀನು, ಮನೆ, ಬಾವಿ ಎಲ್ಲವೂ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರನ್ನೇ ಬಲಶಾಲಿಯೆಂದು ಕರೆದು ತ್ಯಾಗ ಕೇಳುವುದು ನ್ಯಾಯವಲ್ಲ. ನನ್ನ ಮಟ್ಟಿಗೆ ಕಳೆದ ನೂರು ವರ್ಷಗಳಲ್ಲಿ ರೋಮಾಪುರ ಪತ್ರಿಕೆಯ ಆ 14ನೇ ಅಧ್ಯಾಯಕ್ಕೆ ಸಿಕ್ಕ ಅತ್ಯುತ್ತಮ ವ್ಯಾಖ್ಯಾನ ಇದು.

ಆ ವ್ಯಾಖ್ಯಾನ ಇನ್ನೂ ರಾಜ್ಯದ ಕಾನೂನಿಗಾಗಲಿ, ಬೆಂಗಳೂರಿನ ಐ.ಟಿ. ವಲಯಕ್ಕಾಗಲಿ ತಲುಪಿಲ್ಲ. ಜಾನುವಾರು ವಧೆಯ 1964ರ ಕಾಯ್ದೆಯ ಜಾಗಕ್ಕೆ 2021ರ ಜನವರಿಯಲ್ಲಿ ಹೊಸ ಕಾಯ್ದೆ ಬಂತು. 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಉಳಿದವುಗಳ ವಧೆಗೆ ನಿಷೇಧ. ದೇವಶಾಸ್ತ್ರದಲ್ಲಿ ಘನತೆ ಸಿಕ್ಕ ಊಟ ಕಾನೂನಿನಲ್ಲಿ ಅಪರಾಧದ ಅಂಚಿಗೆ ಬಂತು. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಬಾಡಿಗೆ ಮನೆ ಹುಡುಕುವ ನಾಗಾ, ಮಿಜೊ ಯುವಕರನ್ನು ಅಡುಗೆಯ ವಾಸನೆಯ ಮೇಲೆಯೇ ತೂಗುತ್ತಾರೆ. 2012ರ ಆಗಸ್ಟ್‌ನಲ್ಲಿ ಈಶಾನ್ಯದವರು ಹೆದರಿ ರೈಲು ಹತ್ತಿದ ನಗರ ಇದು. ಕನ್ನಡದಲ್ಲಿ ಇವರ ಬಗ್ಗೆ ಸಭೆಗಳು ಬರೆದದ್ದು ತೀರ ಕಡಿಮೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಬುತ್ತಿಯ ಬಗ್ಗೆಯಾಗಲಿ, ಗಂಡನ ಮನೆಯವರ ವ್ರತಕ್ಕೆ ತಕ್ಕಂತೆ ಅಡುಗೆ ಮಾಡುವ ಕ್ರೈಸ್ತ ಸೊಸೆಯಂದಿರ ಬಗ್ಗೆಯಾಗಲಿ ನಮ್ಮ ದೇವಶಾಸ್ತ್ರ ಬಾಯಿ ತೆರೆದಿಲ್ಲ. ಒಲೆಯ ಮುಂದೆ ನಿಂತವರನ್ನು ಬಿಟ್ಟು ಊಟದ ದೇವಶಾಸ್ತ್ರ ಬರೆಯಲಾಗದು.

ಕಡಲೆಪುರಿ ತಿಂದವರನ್ನು ವಿಗ್ರಹಾರಾಧಕರೆಂದು, ಬಿಟ್ಟವರನ್ನು ಮತಾಂಧರೆಂದು ವೇದಿಕೆಯಿಂದ ಕರೆಯುವುದನ್ನು ಸಭಾಪಾಲಕರು ನಿಲ್ಲಿಸಲಿ. ಸಸ್ಯಾಹಾರಿ ಅತಿಥಿ ಬಂದಾಗ ಬೇರೆ ಪಾತ್ರೆಯಲ್ಲಿ ಬೇಯಿಸುವುದು ನಮ್ಮ ಮನೆಗಳ ಹಳೆಯ ಸೌಜನ್ಯ, ಅದು ಉಳಿಯಲಿ. ಅದೇ ಸೌಜನ್ಯವನ್ನು ನೆರೆಯವರಿಂದಲೂ ಕೇಳುವ ಹಕ್ಕು ನಮಗಿದೆ. ಬಾಡಿಗೆ ಮನೆ, ಹಾಸ್ಟೆಲ್ ಇರುವ ಸಭೆಗಳು ಮೊದಲ ಹೆಜ್ಜೆ ಇಡಲಿ: ಮನೆ ಕೇಳಿ ಬಂದವರ ಅಡುಗೆಮನೆಯ ವಿಚಾರಣೆ ಮಾಡದೆ ಕೀಲಿಕೈ ಕೊಡಲಿ.